ಬಿಲ್ಲಿನ ತಟ್ಟೆ ಓದುತ್ತಿದ್ದವರು

ಅವರ ಎಡಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈಯವರೆಗೆ ಒಂದು ಕೂದಲೂ ಇರಲಿಲ್ಲ. ಬಲಗೈ ಎಲ್ಲ ಗಂಡಸರ ಕೈಯ ಹಾಗೆಯೇ ಇತ್ತು. ಎಡಗೈ ಮಾತ್ರ ಬೋಳು, ನುಣುಪು. ಚರ್ಮದ ಬಣ್ಣವೂ ಅಲ್ಲಿ ತುಸು ಕಪ್ಪು. ಕಾವಲಿಯಿಂದ ಆಗಷ್ಟೇ ಎದ್ದ ದೋಸೆಯ ತಟ್ಟೆಗಳನ್ನು ಅಂಗೈಯಿಂದ ಮೊಣಕೈಯ ಮಡಿಕೆಯವರೆಗೆ ಒಂದಕ್ಕೊಂದು ತಾಗಿಸಿ ಜೋಡಿಸಿಕೊಂಡು, ಬಲಗೈಯಲ್ಲಿ ಚಟ್ನಿಯ ಬಕೆಟ್ಟು ಹಿಡಿದು ಅವರು ಅಡಿಗೆಮನೆಯ ಬಾಗಿಲಿನಿಂದ ಹೊರಗೆ ಬರುತ್ತಿದ್ದರು. ಒಂದು ಸಲಕ್ಕೆ ಐದು ತಟ್ಟೆ. ಆ ತಟ್ಟೆಗಳ ತಳದ ಬಿಸಿಯೇ ಅಲ್ಲಿನ ಕೂದಲನ್ನು ತೆಗೆದುಹಾಕಿತ್ತು. "ನೋವಾಗಲ್ವಾ?" ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಮೊದಲ ಎರಡು ವರ್ಷ ಆಗ್ತಿತ್ತು ಟೀಚರೇ. ಆಮೇಲೆ ತಾನು ಹೋಟೆಲಿನ ಕೈ ಅಂತ ಅದಕ್ಕೇ ಗೊತ್ತಾಯ್ತು" ಎಂದಿದ್ದರು.

ಮೂಡಿಗೆರೆಯ ಬಸ್ ನಿಲ್ದಾಣದ ಹತ್ತಿರದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಅವರು ಸಪ್ಲೈಯರ್ ಆಗಿದ್ದರು. ತೊಂಬತ್ತರ ದಶಕದ ಆರಂಭದಲ್ಲಿ ನಾನು ಅಲ್ಲಿನ ಖಾಸಗಿ ಹೈಸ್ಕೂಲಿಗೆ ಟೀಚರಾಗಿ ಸೇರಿದಾಗ ಅವರಿಗೆ ಐವತ್ತು ಹತ್ತಿರ ಬಂದಿತ್ತು. ಘಟ್ಟದ ಕೆಳಗಿನಿಂದ ಬಂದವರು. ನಾನು ಕಡೂರಿನ ಕಡೆಯವಳು. ನನ್ನ ಬಾಡಿಗೆ ಕೋಣೆಯಲ್ಲಿ ಒಲೆ ಹಚ್ಚಲು ಮನೆಯೊಡತಿ ಬಿಡುತ್ತಿರಲಿಲ್ಲವಾದ್ದರಿಂದ ಮೊದಲ ಒಂದೂವರೆ ವರ್ಷ ಬೆಳಗಿನ ತಿಂಡಿ, ಸಂಜೆಯ ಊಟ ಎರಡೂ ಆ ಹೋಟೆಲಿನಲ್ಲೇ. ಒಬ್ಬಳೇ ಹೆಂಗಸು ದಿನಾ ಹೋಟೆಲಿಗೆ ಬರುವುದನ್ನು ಜನ ತಿರುಗಿ ನೋಡುತ್ತಿದ್ದ ಕಾಲ. ಅವರು ಮರದ ಅಡ್ಡಗೋಡೆಯ ಹಿಂದಿನ ಮೂಲೆಯ ಟೇಬಲನ್ನು ನನಗಾಗಿ ಖಾಲಿ ಇಟ್ಟಿರುತ್ತಿದ್ದರು. ಬೇರೆ ಯಾರಾದರೂ ಕೂರಲು ಬಂದರೆ, "ಅಲ್ಲಿ ಫ್ಯಾನು ತಿರುಗುದಿಲ್ಲ, ಈಚೆ ಬನ್ನಿ" ಎನ್ನುತ್ತಿದ್ದರು. ಅಲ್ಲಿ ಫ್ಯಾನೇ ಇರಲಿಲ್ಲ. ನಾನು ಅವರನ್ನು ಅಣ್ಣಯ್ಯ ಎಂದು ಕರೆಯುತ್ತಿದ್ದೆ.

ನಮ್ಮ ಮನೆಯಲ್ಲಿ ಹೋಟೆಲಿಗೆ ಹೋಗುವ ರೂಢಿ ಇರಲಿಲ್ಲ. ಸೋಂಪಿನ ಕಾಳಿನ ಜೊತೆ ಬಿಲ್ಲು ಬರುವ ಸಣ್ಣ ಸ್ಟೀಲ್ ತಟ್ಟೆಯಲ್ಲಿ ಜನ ಚಿಲ್ಲರೆ ಬಿಟ್ಟು ಹೋಗುವುದನ್ನು ನಾನು ಮೊದಲು ನೋಡಿದ್ದೇ ಅಲ್ಲಿ. ಮರೆತು ಹೋಗುತ್ತಿದ್ದಾರೆ ಎಂದುಕೊಂಡಿದ್ದೆ. ಅದು ಟಿಪ್ಸು ಎಂದು ತಿಳಿದ ಮೇಲೆ, ಮೊದಲ ಸಂಬಳ ಬಂದ ದಿನ, ಎರಡು ರೂಪಾಯಿಯ ನೋಟನ್ನು ಅವರ ಕೈಗೇ ಕೊಡಲು ಹೋದೆ. ಅವರು ಎರಡೂ ಕೈಗಳನ್ನು ಹಿಂದಕ್ಕೆ ಸರಿಸಿಕೊಂಡರು.

"ಕೈಗೆ ಬೇಡ ಟೀಚರೇ. ತಟ್ಟೇಲಿಟ್ಟು ಹೋಗಿ. ನೀವು ಮೆಟ್ಟಿಲಿಳಿದ ಮೇಲೆ ನೋಡ್ತೇನೆ."

"ಯಾಕಣ್ಣಯ್ಯ, ಎಲ್ಲಾದ್ರೂ ಒಂದೇ ಅಲ್ವಾ?"

"ಒಂದೇ ಹೇಗಾಗ್ತದೆ? ಎದುರಿಗಿದ್ರೆ ದಾಕ್ಷಿಣ್ಯ ಬರ್ತದೆ. ನೀವು ಮಕ್ಕಳ ಪೇಪರು ತಿದ್ದುವಾಗ ಆ ಮಗುವಿನ ಅಮ್ಮನನ್ನ ಪಕ್ಕದಲ್ಲಿ ಕೂರಿಸ್ಕೊಂಡು ತಿದ್ದುತೀರಾ?"

ಅವರಿಗೆ ತಟ್ಟೆ ಅಂದರೆ ಅದೇ, ಮಾರ್ಕ್ಸು. ದುಡ್ಡು ಬೇಡವೆಂದಲ್ಲ, ಮಗಳ ಶಾಲೆಯ ಖರ್ಚು ಅದರಿಂದಲೇ ನಡೆಯುತ್ತಿತ್ತು. ಆದರೆ ಗಿರಾಕಿ ಹೋದ ಮೇಲೆ ಅವರು ಆ ತಟ್ಟೆಯ ಹತ್ತಿರ ಹೋಗಿ ನಿಲ್ಲುತ್ತಿದ್ದ ರೀತಿ, ಫಲಿತಾಂಶದ ಪಟ್ಟಿಯ ಮುಂದೆ ನಿಲ್ಲುವವರ ರೀತಿ. ಮೊದಲು ನೋಡುವುದು, ಆಮೇಲೆ ಮುಟ್ಟುವುದು. ಅಡಿಗೆಯವರು ಕಿಟಕಿಯಿಂದ ಕೂಗುತ್ತಿದ್ದರು: "ಏನು ಮಾರಾಯಾ, ಪಾಸಾ ಫೇಲಾ?"

"ನಾನು ಪಾಸು. ನಿನ್ನ ಸಾಂಬಾರು ಜಸ್ಟ್ ಪಾಸು."

ಎಲ್ಲರ ತಟ್ಟೆಯನ್ನೂ ಅವರು ಒಂದೇ ರೀತಿ ಓದುತ್ತಿರಲಿಲ್ಲ. ಎಂದೂ ಇಡದವರು ಇಡದಿದ್ದರೆ ಅದರಲ್ಲಿ ಓದುವುದೇನೂ ಇಲ್ಲ. ಇಡುವವರು ಇಡದೆ ಹೋದರೆ ಮಾತ್ರ ಅದು ಮಾತು. ಕಾಫಿಗೆ ಒಳ್ಳೆಯ ಬೆಲೆ ಬಂದಿದ್ದ ಒಂದು ವರ್ಷ ತೋಟದ ಸಾಹುಕಾರರೊಬ್ಬರು ನಾಲ್ಕು ಜನ ಸ್ನೇಹಿತರನ್ನು ಕರೆತಂದು, ತಿಂಡಿ ಮುಗಿಸಿ, ನೂರರ ನೋಟನ್ನು ಎಲ್ಲರಿಗೂ ಕಾಣುವಂತೆ ತಟ್ಟೆಯಲ್ಲಿ ಹರಡಿಟ್ಟು ಹೋದರು. ಇಡೀ ಹೋಟೆಲು ಅದನ್ನು ನೋಡಿತು. ಅಣ್ಣಯ್ಯ ಮಡಿಸಿ ಜೇಬಿಗೆ ಹಾಕಿಕೊಳ್ಳುತ್ತಾ ನನಗೆ ಹೇಳಿದರು: "ಇದು ನನಗಿಟ್ಟದ್ದಲ್ಲ ಟೀಚರೇ. ಪಕ್ಕದ ಟೇಬಲಿನವರಿಗೆ ಇಟ್ಟದ್ದು. ನಾನು ಬರೀ ಪೋಸ್ಟ್‌ಮ್ಯಾನು."

ಬ್ಯಾಂಕಿನವರೊಬ್ಬರು ದಿನವೂ ಒಂದು ರೂಪಾಯಿ ಇಡುತ್ತಿದ್ದರು. ಒಂದು ದಿನ ಇಡಲಿಲ್ಲ. ಅಣ್ಣಯ್ಯನಿಗೆ ಅವತ್ತು ಸಂಜೆಯವರೆಗೂ ಸಮಾಧಾನವಿಲ್ಲ. ಮಾರನೆಯ ದಿನ ಅವರ ಕಾಫಿಯನ್ನು ತಂದಿಟ್ಟು, ಅಲ್ಲೇ ನಿಂತು ಬಿಸಿ ಸರಿಯಾಗಿದೆಯೇ ಎಂದು ಕೇಳಿದರಂತೆ. "ಇವತ್ತು ಸರಿಯಾಗಿದೆ" ಎಂದರಂತೆ ಬ್ಯಾಂಕಿನವರು. ಹಿಂದಿನ ದಿನ ಆ ಕಾಫಿ ಅಡಿಗೆಮನೆಯ ಕಟ್ಟೆಯ ಮೇಲೆ ಆರುತ್ತಿದ್ದಾಗ ಅಣ್ಣಯ್ಯ ನನ್ನ ಟೇಬಲಿನ ಹತ್ತಿರ ಮಾತಾಡುತ್ತಾ ನಿಂತಿದ್ದರು. "ನೋಡಿದ್ರಾ, ತಟ್ಟೆ ಸುಳ್ಳು ಹೇಳುದಿಲ್ಲ" ಎಂದರು ನನಗೆ. ತಪ್ಪು ತಮ್ಮದೆಂದು ಗೊತ್ತಾದದ್ದರಿಂದ ಅವರಿಗೆ ನೆಮ್ಮದಿಯೇ ಆದಂತಿತ್ತು.

ಇನ್ನೊಂದು ಸಂಗತಿ. ಸಂತೆಯ ದಿನ ತೋಟದ ಕೂಲಿ ಲೈನುಮನೆಗಳಿಂದ ಕೆಲಸದವರು ಜೀಪುಗಳಲ್ಲಿ ಬರುತ್ತಿದ್ದರು. ಒಬ್ಬ ಹೆಂಗಸು, ವಯಸ್ಸಾದವಳು, ಇಡ್ಲಿ ತಿಂದು, ಸುತ್ತ ನೋಡಿ, ಸೆರಗಿನ ಗಂಟು ಬಿಚ್ಚಿ ನಾಲ್ಕಾಣೆಯ ಒಂದು ನಾಣ್ಯವನ್ನು ತಟ್ಟೆಯಲ್ಲಿಟ್ಟು ಹೋದಳು. "ಅಣ್ಣಯ್ಯ, ಅದನ್ನ ವಾಪಸ್ ಕೊಟ್ಟುಬಿಡಿ, ಪಾಪ" ಎಂದೆ. ಅವರಿಗೆ ಕೋಪ ಬಂದಿರಬೇಕು, ಅವರ ಕೋಪ ಗೊತ್ತಾಗುತ್ತಿದ್ದದ್ದು ಮಾತು ನಿಧಾನವಾಗುವುದರಿಂದ.

"ಆ ಯಮ್ಮ ನನ್ನ ಕೆಲಸ ನೋಡಿ, ಮನಸ್ಸಿಗೆ ಬಂದು ಇಟ್ಟದ್ದು. ವಾಪಸ್ ಕೊಟ್ರೆ ಏನಂದಂಗಾಯ್ತು? ನಿನ್ನ ಮಾರ್ಕ್ಸು ನನಗೆ ಬೇಡ, ಸಾಹುಕಾರರದ್ದಾದ್ರೆ ಸಾಕು ಅಂತಲಾ? ಟಿಪ್ಸು ವಾಪಸ್ ಕೊಡುದು ಅಂತ ಇಲ್ಲ ಟೀಚರೇ. ನಾನು ಕೊಟ್ಟವನೂ ಅಲ್ಲ."

ಆ ಮಾತನ್ನು ಇಲ್ಲಿ ಇದ್ದ ಹಾಗೆಯೇ ಬರೆದಿದ್ದೇನೆ. ಮುಂದೆ ಅದನ್ನು ನಾನು ಎಷ್ಟು ಸಲ ನೆನೆಯಬೇಕಾಗುತ್ತದೆಂದು ಆಗ ಗೊತ್ತಿರಲಿಲ್ಲ.

ಕೆಲವು ವರ್ಷಗಳಾದ ಮೇಲೆ ನನ್ನ ಮದುವೆಯಾಯಿತು. ಕಳಸದಿಂದ ಸಂಸೆಯ ಕಡೆಗೆ ಹೋಗುವ ರಸ್ತೆಯಲ್ಲಿ ನಮ್ಮವರದ್ದು ಸಣ್ಣ ತೋಟ, ಕಾಫಿ ಮತ್ತು ಮೆಣಸು. ನಾನು ಕಳಸದ ಒಂದು ಶಾಲೆಯಲ್ಲಿ ಕೆಲಸ ಹಿಡಿದೆ. ಎರಡು ಸಾವಿರದ ನಂತರ ಕಾಫಿಯ ಬೆಲೆ ಬಿದ್ದಾಗ ಸುತ್ತಲಿನ ನಾಲ್ಕಾರು ಮನೆಯವರ ಹಾಗೆ ನಾವೂ ಎರಡು ಕೋಣೆಗಳನ್ನು ಸರಿಪಡಿಸಿ ಹೋಂಸ್ಟೇ ಮಾಡಿದೆವು. ಅಡಿಗೆಗೆ ಪಕ್ಕದ ಮನೆಯ ಹೆಂಗಸೊಬ್ಬರು ಬರುತ್ತಿದ್ದರು. ಬಡಿಸಲು ಯಾರೂ ಇರಲಿಲ್ಲ.

ಅದೇ ಹೊತ್ತಿಗೆ ಮೂಡಿಗೆರೆಗೆ ಹೋದಾಗ ಆ ಹೋಟೆಲು ಸೆಲ್ಫ್ ಸರ್ವಿಸ್ ಆಗಿತ್ತು. ಗಲ್ಲಾದಲ್ಲಿ ಟೋಕನ್ನು, ಕಿಟಕಿಯಲ್ಲಿ ತಟ್ಟೆ, ನಿಂತು ತಿನ್ನಲು ಎತ್ತರದ ಕಲ್ಲಿನ ಟೇಬಲುಗಳು. ಅಣ್ಣಯ್ಯ ಒದ್ದೆ ಬಟ್ಟೆ ಹಿಡಿದು ಆ ಟೇಬಲುಗಳನ್ನು ಒರೆಸುತ್ತಿದ್ದರು. ನನ್ನನ್ನು ನೋಡಿ ನಕ್ಕರು. "ಈಗ ಪರೀಕ್ಷೆಯೇ ಇಲ್ಲ ಟೀಚರೇ. ಎಲ್ಲರೂ ಪಾಸು." ಹೆಂಡತಿ ತೀರಿಕೊಂಡಿದ್ದರು; ಮಗಳನ್ನು ಗೋಣಿಬೀಡಿಗೆ ಮದುವೆ ಮಾಡಿ ಕೊಟ್ಟಿದ್ದರು. "ನಮ್ಮಲ್ಲಿಗೆ ಬಂದುಬಿಡಿ ಅಣ್ಣಯ್ಯ. ಕೂತು ಉಣ್ಣುವವರು ಬರ್ತಾರೆ" ಎಂದೆ. ಆ ತಿಂಗಳು ಮುಗಿಯುವಷ್ಟರಲ್ಲಿ ಒಂದು ಟ್ರಂಕು ಹಿಡಿದುಕೊಂಡು ಕಳಸದ ಬಸ್ಸಿನಿಂದ ಇಳಿದರು. ಅವರ ಟ್ರಂಕಿನಲ್ಲಿ ಒಂದು ಸ್ಟೀಲ್ ತಟ್ಟೆಯೂ ಇತ್ತು.

ನಮ್ಮಲ್ಲಿ ಬಿಲ್ಲು ತಟ್ಟೆಯಲ್ಲಿ ಹೋಗುತ್ತಿರಲಿಲ್ಲ. ಅತಿಥಿಗಳು ಹೊರಡುವಾಗ ನಮ್ಮವರ ಹತ್ತಿರ ಲೆಕ್ಕ ಮುಗಿಸುತ್ತಿದ್ದರು. ಆದರೂ ಹೊರಡುವ ದಿನದ ತಿಂಡಿಯ ಕೊನೆಗೆ ಅಣ್ಣಯ್ಯ ಸೋಂಪು ಹಾಕಿದ ತಟ್ಟೆಯನ್ನು ಮೇಜಿನ ನಡುವೆ ಇಟ್ಟು ಹಿಂದೆ ಸರಿಯುತ್ತಿದ್ದರು. "ಏನು ಮಾರಾಯ್ರೆ, ನಮ್ಮ ಮನೇನ ಹೋಟ್ಲು ಮಾಡಿಬಿಟ್ರಲ್ಲ" ಎಂದು ನಮ್ಮವರು ತಮಾಷೆ ಮಾಡುತ್ತಿದ್ದರು. ಬೆಂಗಳೂರಿನವರು ಐವತ್ತೋ ನೂರೋ ಇಡುತ್ತಿದ್ದರು.

ಮೊದಲ ಸಲ ಅಮೆರಿಕದವರು ಬಂದು ಹೋದ ದಿನ ಅಣ್ಣಯ್ಯ ತಟ್ಟೆಯನ್ನೇ ಎತ್ತಿಕೊಂಡು ಓಡೋಡಿ ಬಂದರು. ತಟ್ಟೆಯಲ್ಲಿ ಐನೂರರ ಎರಡು ನೋಟುಗಳಿದ್ದವು. "ಮರೆತು ಹೋಗಿದ್ದಾರೆ. ಜೀಪು ಇನ್ನೂ ಸೇತುವೆ ದಾಟಿರುದಿಲ್ಲ" ಎಂದರು. ನಾನು ನಕ್ಕುಬಿಟ್ಟೆ. ಅವರ ದೇಶದಲ್ಲಿ ಬಿಲ್ಲಿನ ಒಂದು ಪಾಲನ್ನು ಬಡಿಸಿದವರಿಗೆ ಇಡಲೇಬೇಕೆಂದು, ಅದು ಪದ್ಧತಿಯೆಂದು ಹೇಳಿದೆ.

"ಚೆನ್ನಾಗಿ ಬಡಿಸದಿದ್ರೂ?"

"ಇಡ್ತಾರೆ. ಫಾರಿನ್ನಿನವರೆಲ್ಲ ಹಾಗೇ ಅಣ್ಣಯ್ಯ. ಅವರಲ್ಲಿ ಏನೂ ಇಡದೆ ಎದ್ದುಹೋದ್ರೆ ಬಡಿಸಿದವನ ಮುಖಕ್ಕೆ ಹೊಡೆದ ಹಾಗೆ. ತೀರಾ ಕೆಟ್ಟದಾಗಿದ್ರೆ ಮಾತ್ರ ಹಾಗೆ ಮಾಡ್ತಾರಂತೆ."

ಅವರು ನೋಟುಗಳನ್ನು ನೋಡುತ್ತಾ ನಿಂತರು. "ಹಾಗಾದ್ರೆ ಇದು ಮಾರ್ಕ್ಸಲ್ಲ, ಫೀಸು" ಎಂದರು.

ನಾನು ಅಮೆರಿಕಕ್ಕೂ ಹೋದವಳಲ್ಲ, ಬೇರೆಲ್ಲಿಗೂ ಹೋದವಳಲ್ಲ. ಯಾವುದೋ ವಾರಪತ್ರಿಕೆಯಲ್ಲಿ ಓದಿದ್ದನ್ನು, ಒಂದು ದೇಶದ ಮಾತನ್ನು, ಸಮುದ್ರದಾಚೆಯ ಎಲ್ಲ ದೇಶಗಳಿಗೂ ಸೇರಿಸಿ ಹೇಳಿದೆ. ಕ್ಲಾಸಿನಲ್ಲಿ ಪಾಠ ಹೇಳುವ ದನಿಯಲ್ಲೇ ಹೇಳಿದೆ. ಅವರು ನನ್ನ ಮಾತನ್ನು ಓದಿದವಳ ಮಾತೆಂದು ನಂಬಿದರು.

ನಮ್ಮಲ್ಲಿಗೆ ಬಂದ ಮೂರನೆಯ ವರ್ಷ ಅಣ್ಣಯ್ಯನ ಬಲಗೈ ನಡುಗಲು ಶುರುವಾಯಿತು. ಮೊದಲು ನನಗೆ ಗೊತ್ತಾಗಲಿಲ್ಲ. ಲೋಟಗಳಿಗೆ ನೀರು ಅರ್ಧಕ್ಕೇ ನಿಲ್ಲುತ್ತಿರುವುದು ಕಣ್ಣಿಗೆ ಬಿತ್ತು. ಸಾರಿನ ಪಾತ್ರೆಯನ್ನು ಎರಡೂ ಕೈಗಳಲ್ಲಿ ತಂದು ಮೇಜಿನ ಮೇಲಿಟ್ಟು, ಆಮೇಲೆ ಸೌಟಿನಲ್ಲಿ ಬಡಿಸುತ್ತಿದ್ದರು. ಕಳಸದ ಡಾಕ್ಟರು ನರದ ತೊಂದರೆ ಎಂದು ಮಾತ್ರೆ ಕೊಟ್ಟರು. ಒಂದು ಮಧ್ಯಾಹ್ನ, ಅತಿಥಿಗಳಿಲ್ಲದ ದಿನ, ನಾವಿಬ್ಬರೂ ಅಡಿಗೆಮನೆಯ ಹಿಂದಿನ ಕಟ್ಟೆಯಲ್ಲಿ ಕೂತು ಹುರುಳಿಕಾಯಿ ಸೋಸುತ್ತಿದ್ದಾಗ ಅವರಾಗಿಯೇ ಮಾತು ತೆಗೆದರು.

"ಕೈ ಹೇಳಿದ ಮಾತು ಕೇಳ್ತಾ ಇಲ್ಲ ಟೀಚರೇ."

"ಮಾತ್ರೆ ತಗೊಳ್ತಿದ್ದೀರಲ್ಲ, ಸರಿಹೋಗ್ತದೆ."

"ಸರಿಹೋಗುದಿಲ್ಲ, ಅದು ಬಿಡಿ. ನಂದು ಒಂದೇ. ಬಡಿಸಿದ್ದನ್ನ ಜನ ಪಾಪ ಅಂತ ಉಣ್ಣುವ ಹಾಗೆ ಆಗ್ಬಾರ್ದು. ಆ ದಿನ ಬಂದ್ರೆ ನೀವು ಹೇಳ್ಬೇಕು."

"ಹೇಳ್ತೀನಿ" ಎಂದೆ.

"ನೀವು ಹೇಳುದಿಲ್ಲ, ನನಗೆ ಗೊತ್ತುಂಟು" ಎಂದು ನಕ್ಕರು. "ನಾನೇ ನೋಡ್ಕೊಳ್ತೇನೆ."

ಆ ವರ್ಷ ಮಳೆ ನಿಂತ ಮೇಲೆ, ನವೆಂಬರಿನಲ್ಲಿ, ಜಪಾನಿನಿಂದ ಗಂಡ ಹೆಂಡತಿ ಬಂದರು. ಇಬ್ಬರಿಗೂ ಅರವತ್ತು ದಾಟಿತ್ತು. ಆತ ನಿವೃತ್ತ ಮೇಷ್ಟ್ರು. ಹಕ್ಕಿಗಳನ್ನು ನೋಡಲು ಬಂದವರು, ಹನ್ನೆರಡು ದಿನ ಇದ್ದರು. ಮೆಲುದನಿಯ ಜನ. ಕೋಣೆಗೆ ಹೋಗುವ ಮೊದಲು ಬಾಗಿಲಲ್ಲಿ ಚಪ್ಪಲಿಗಳ ಮೂತಿಯನ್ನು ಹೊರಕ್ಕೆ ತಿರುಗಿಸಿ ಜೋಡಿಸಿಡುತ್ತಿದ್ದರು. ಅಣ್ಣಯ್ಯನಿಗೆ ಅವರು ಬಹಳ ಹಿಡಿಸಿದರು. ಆ ಹೆಂಗಸು ಲೋಟವನ್ನು ಎರಡೂ ಕೈಗಳಲ್ಲಿ ಹಿಡಿಯುತ್ತಿದ್ದದ್ದನ್ನು ನೋಡಿ, "ತೀರ್ಥ ತಗೊಂಡ ಹಾಗೆ ಕಾಫಿ ಕುಡೀತಾರೆ" ಎಂದರು. ಮೂರನೆಯ ದಿನ ಆತ ಅಣ್ಣಯ್ಯನನ್ನು ಹೆಂಡತಿಯ ಪಕ್ಕದಲ್ಲಿ ನಿಲ್ಲಿಸಿ ಒಂದು ಫೋಟೋ ತೆಗೆದರು.

ಐದನೆಯ ದಿನ ಮಧ್ಯಾಹ್ನ ಅಣ್ಣಯ್ಯ ಸೌಟೆತ್ತಿದಾಗ ಕೈ ಒಮ್ಮೆಲೇ ಎಗರಿ, ಬಿಸಿ ಸಾರು ಆತನ ಮಣಿಕಟ್ಟಿನ ಮೇಲೂ ಅಂಗಿಯ ಮೇಲೂ ಚೆಲ್ಲಿತು. ನಾನು ಅಲ್ಲೇ ಇದ್ದೆ. ಆತ ಒಂದು ಸಲ ಉಸಿರೆಳೆದುಕೊಂಡರು, ಅಷ್ಟೇ. ತಾವೇ ಬಟ್ಟೆಯಿಂದ ಒರೆಸಿಕೊಂಡು, ನಗುತ್ತಾ, ಪರವಾಗಿಲ್ಲ ಎಂದು ಅವರ ಇಂಗ್ಲಿಷಿನಲ್ಲಿ ನಾಲ್ಕು ಸಲ ಹೇಳಿದರು. ಅಂದಿನಿಂದ ಆತ ಅಣ್ಣಯ್ಯ ಪಾತ್ರೆ ತಂದೊಡನೆ ಕುರ್ಚಿಯಿಂದ ಎದ್ದು ನಿಂತು, ಎರಡೂ ಕೈಗಳಿಂದ ಅದನ್ನು ತೆಗೆದುಕೊಂಡು, ತಾವೇ ಹೆಂಡತಿಗೂ ತಮಗೂ ಬಡಿಸಿಕೊಳ್ಳತೊಡಗಿದರು. ಅಣ್ಣಯ್ಯ ಖಾಲಿ ಕೈಯಲ್ಲಿ ಗೋಡೆಯ ಹತ್ತಿರ ನಿಲ್ಲುತ್ತಿದ್ದರು. ಹೀಗೆ ಏಳು ದಿನ.

ಹೊರಡುವ ದಿನ ಅಣ್ಣಯ್ಯ ತಟ್ಟೆ ಇಟ್ಟರು. ಸೋಂಪನ್ನು ಎಂದಿಗಿಂತ ಎಚ್ಚರಿಕೆಯಿಂದ ಹಾಕಿದ್ದರು; ಒಂದು ಕಾಳೂ ಆಚೆ ಬಿದ್ದಿರಲಿಲ್ಲ. ಆ ದಂಪತಿಗಳು ತಿಂಡಿ ಮುಗಿಸಿ, ತಾವುಂಡ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ, ಮೇಜಿನ ಮೇಲೆ ಬಿದ್ದ ಚೂರುಗಳನ್ನು ಆಯ್ದು, ಅಂಗಳಕ್ಕೆ ಬಂದರು. ಅಣ್ಣಯ್ಯನ ಮುಂದೆ ಇಬ್ಬರೂ ಸೊಂಟದಿಂದ ಬಗ್ಗಿ ಮೂರು ಸಲ ವಂದಿಸಿದರು. ಅಣ್ಣಯ್ಯ ಗಾಬರಿಯಿಂದ ಕೈಮುಗಿದರು. ಜೀಪು ಕಳಸದ ಕಡೆಗೆ ಹೊರಟಿತು. ನಮ್ಮವರೂ ಅದರಲ್ಲೇ ಹೋದರು.

ನಾನು ಅಂಗಳದಲ್ಲಿ ಬಟ್ಟೆ ಹರವಿ ಒಳಗೆ ಬಂದಾಗ ಊಟದ ಕೋಣೆಯಲ್ಲಿ ಯಾರೂ ಇರಲಿಲ್ಲ. ಹಿತ್ತಲಿನಲ್ಲಿ ಅಣ್ಣಯ್ಯ ನಲ್ಲಿಯ ಕೆಳಗೆ ಏನನ್ನೋ ತೊಳೆಯುವ ಸದ್ದು ಕೇಳುತ್ತಿತ್ತು. ತಟ್ಟೆ ಮೇಜಿನ ನಡುವೆ ಇತ್ತು. ಅದರಲ್ಲಿ ಸೋಂಪು ಬಿಟ್ಟು ಬೇರೇನೂ ಇರಲಿಲ್ಲ.

ನಾನು ಯೋಚಿಸಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಒಂದೆರಡು ನಿಮಿಷ ಅಲ್ಲೇ ನಿಂತು ಯೋಚಿಸಿದೆ. ಕೋಣೆಗೆ ಹೋಗಿ ನನ್ನ ಪರ್ಸಿನಿಂದ ಐನೂರರ ಒಂದು ನೋಟು ತಂದು, ಸೋಂಪಿನ ಕೆಳಗೆ ಅರ್ಧ ಮರೆಯಾಗುವಂತೆ ಇಟ್ಟೆ. ಫಾರಿನ್ನಿನವರೆಂದರೆ ಅಷ್ಟಾದರೂ ಇಡಬೇಕೆಂದು ಐನೂರು. ಆಮೇಲೆ ಅಡಿಗೆಮನೆಯಿಂದ ಕೂಗಿದೆ: "ಅಣ್ಣಯ್ಯಾ, ತಟ್ಟೆ ನೋಡಿದ್ರಾ? ಅವರು ಇಟ್ಟು ಹೋಗಿದ್ದಾರೆ."

ಅವರು ಹೆಗಲ ಮೇಲಿನ ಬೈರಾಸಿನಿಂದ ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದರು. ಊಟದ ಕೋಣೆಗೆ ಹೋದರು. ನಂತರ ಅಡಿಗೆಮನೆಗೆ ಬಂದು ಆ ನೋಟನ್ನು ನನ್ನ ಮುಂದಿನ ಕಟ್ಟೆಯ ಮೇಲಿಟ್ಟರು. ಕೈ ನಡುಗುತ್ತಿದ್ದರಿಂದ ಅದನ್ನು ನೇರವಾಗಿ ಇಡಲು ಸ್ವಲ್ಪ ಸಮಯ ಹಿಡಿಯಿತು.

"ಟೀಚರೇ, ನಾನು ಆಗಲೇ ನೋಡಿ ಆಗಿತ್ತು."

ನಾನು ನೋಟನ್ನು ಮುಟ್ಟಲಿಲ್ಲ.

"ಜೀಪು ಗೇಟು ದಾಟುವ ಮೊದಲೇ ನೋಡಿದ್ದೆ. ಫೇಲಾದ ಮಕ್ಕಳಿಗೆ ನೀವು ಹೀಗೆ ಹಾಕ್ತೀರಾ?"

"ಇಲ್ಲ" ಎಂದೆ.

"ಮತ್ತೆ?"

ಅವರ ಮಾತು ನಿಧಾನವಾಗಿರಲಿಲ್ಲ, ಅಂದರೆ ಕೋಪವಿರಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು. ಅಷ್ಟು ವರ್ಷಗಳಲ್ಲಿ ಅವರು ವಾಪಸ್ ಕೊಟ್ಟ ಒಂದೇ ಟಿಪ್ಸು ನನ್ನದು.

"ಎಲ್ಲರಿಗೂ ಇಡುವ ಜನ ಅಂತ ನೀವೇ ಹೇಳಿದ್ದು. ತೀರಾ ಕೆಟ್ಟದಾದ್ರೆ ಮಾತ್ರ ಇಡುದಿಲ್ಲ ಅಂತಲೂ ಹೇಳಿದ್ರಿ" ಎಂದರು. "ಪಾಪ, ಒಳ್ಳೆ ಜನ. ಬಾಯಲ್ಲಿ ಒಂದು ಮಾತು ಅನ್ಲಿಲ್ಲ. ಬಗ್ಗಿ ಬಗ್ಗಿ ಕೈ ಮುಗಿದ್ರು, ಸಾಕು ಮಾರಾಯ ಇನ್ನು ನಿಲ್ಸು ಅನ್ನುವ ಹಾಗೆ."

ಒಂದು ವಾರದ ನಂತರ ಟ್ರಂಕು ಕಟ್ಟಿಕೊಂಡು ಗೋಣಿಬೀಡಿನ ಮಗಳ ಮನೆಗೆ ಹೊರಟರು. ಬಡಿಸುವುದು ಬೇಡ, ಸುಮ್ಮನೆ ನಮ್ಮ ಜೊತೆ ಇರಿ ಎಂದು ನಮ್ಮವರು ಎಷ್ಟೋ ಹೇಳಿದರು. "ಸುಮ್ಮನೆ ಇರುದು ನನಗೆ ಬರುದಿಲ್ಲ ಧಣಿ" ಎಂದರು. ನಾನು ಬಸ್ಸಿನವರೆಗೆ ಹೋದೆ. ಅವರು ನನ್ನ ಮೇಲೆ ಬೇಸರ ಮಾಡಿಕೊಂಡಿರಲಿಲ್ಲ. ಮಾತ್ರೆಯ ಚೀಟಿ ಜೋಪಾನವಾಗಿಟ್ಟುಕೊಳ್ಳಿ ಎಂದದ್ದಕ್ಕೆ ಜೇಬು ಮುಟ್ಟಿ ತೋರಿಸಿದರು.

ಫೆಬ್ರವರಿಯಲ್ಲಿ ಜಪಾನಿನಿಂದ ಪತ್ರ ಬಂತು. ಎರಡು ಹಾಳೆ, ದುಂಡಗಿನ ಅಕ್ಷರಗಳ ಇಂಗ್ಲಿಷು, ಜೊತೆಗೆ ಆ ಫೋಟೋ. ನಾನು ಅಂಗಳದಲ್ಲಿ ನಿಂತೇ ಓದಿದೆ. ಒಂದು ಹಾಳೆಯ ತುಂಬ ಅಣ್ಣಯ್ಯನ ಮಾತು. ತಮ್ಮ ದೇಶದಲ್ಲಿ ಬಡಿಸಿದವರಿಗೆ ಹಣ ಇಡುವ ಪದ್ಧತಿ ಇಲ್ಲ, ಇಟ್ಟರೆ ನೀನು ಇದಕ್ಕಾಗಿಯೇ ಇಷ್ಟು ಮಾಡಿದೆ ಎಂದ ಹಾಗಾಗುತ್ತದೆ ಎಂದು ಬರೆದಿದ್ದರು. ಭಾರತದಲ್ಲಿ ಇಡುತ್ತಾರೆಂದು ಪುಸ್ತಕದಲ್ಲಿ ಓದಿ ಹಿಂದಿನ ರಾತ್ರಿ ಗಂಡ ಹೆಂಡತಿ ಬಹಳ ಮಾತಾಡಿಕೊಂಡರಂತೆ. ಅಂಥ ಹಿರಿಯ ಕೆಲಸಗಾರನ ಮುಂದೆ ನೋಟಿಡಲು ತಮ್ಮಿಂದಾಗಲಿಲ್ಲವಂತೆ. ಕೈ ನಡುಗುತ್ತಿದ್ದರೂ ನಿಂತು ಬಡಿಸುವವರ ಮುಂದೆ ಕೂತು ಬಡಿಸಿಕೊಳ್ಳಲು ಗಂಡನಿಗೆ ನಾಚಿಕೆಯಾಗುತ್ತಿತ್ತಂತೆ. "ಇಷ್ಟು ಗಮನವಿಟ್ಟು ನಮಗೆ ಯಾರೂ ಬಡಿಸಿರಲಿಲ್ಲ. ನಮ್ಮಿಂದ ತಪ್ಪಾಗಿದ್ದರೆ ದಯವಿಟ್ಟು ತಿಳಿಸಿ."

ಮರುದಿನ ಶಾಲೆಗೆ ರಜೆ ಹಾಕಿ ಬೆಳಗಿನ ಬಸ್ಸಿಗೆ ಹೊರಟೆ. ಗೋಣಿಬೀಡು ತಲುಪುವವರೆಗೂ ಪತ್ರವಿದ್ದ ಚೀಲ ನನ್ನ ತೊಡೆಯ ಮೇಲೇ ಇತ್ತು.

ಮಗಳ ಮನೆ ರಸ್ತೆಯ ಪಕ್ಕದಲ್ಲೇ. ಅಣ್ಣಯ್ಯ ಜಗಲಿಯ ಬೆಂಚಿನಲ್ಲಿ ಕೂತಿದ್ದರು. ಮೂರು ತಿಂಗಳಲ್ಲಿ ಬಹಳ ಇಳಿದಿದ್ದರು. ಈಗ ಎರಡೂ ಕೈಗಳು ನಡುಗುತ್ತಿದ್ದವು. ಮಗಳು ಕಾಫಿ ತಂದು, ನನಗೆ ಕೊಟ್ಟು, ಅವರ ಲೋಟವನ್ನು ತಾನೇ ಅವರ ತುಟಿಗೆ ಹಿಡಿದಳು. ಅವರು ನನ್ನ ಕಡೆ ನೋಡದೆ ಕುಡಿದರು. ಅವಳು ಒಳಗೆ ಹೋದ ಮೇಲೆ ನಾನು ಪತ್ರ ತೆಗೆದು, ಒಂದೊಂದೇ ವಾಕ್ಯ ಕನ್ನಡಕ್ಕೆ ಮಾಡಿ ಹೇಳುತ್ತಾ ಹೋದೆ. ಅವರು ಕತ್ತು ಸ್ವಲ್ಪ ಓರೆ ಮಾಡಿ, ಅಡ್ಡ ಬಾಯಿ ಹಾಕದೆ ಕೇಳಿದರು. ಮುಗಿದ ಮೇಲೆ ನಕ್ಕರು.

"ಚೆನ್ನಾಗಿ ಬರ್ದಿದ್ದೀರಿ ಟೀಚರೇ."

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಲಕೋಟೆಯನ್ನು ತೆಗೆದು ಅವರ ಮುಂದೆ ಹಿಡಿದೆ.

"ನಾನಲ್ಲ ಅಣ್ಣಯ್ಯ. ಅವರೇ ಬರೆದದ್ದು. ಸ್ಟಾಂಪು ನೋಡಿ."

"ಆಯ್ತು, ಆಯ್ತು."

"ನೋಡಿ, ನಿಮ್ಮ ಫೋಟೋ ಕಳಿಸಿದ್ದಾರೆ."

ಅವರು ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದರು. "ಇದು ಮೂರನೇ ದಿನ ತೆಗೆದದ್ದು. ಸಾರು ಚೆಲ್ಲಿದ್ದು ಐದನೇ ದಿನ" ಎಂದರು. ಆಮೇಲೆ, "ಅವರು ಕಾಗದ ಹಾಕಿರ್ಬಹುದು. ಒಳ್ಳೆ ಜನ. ಆದ್ರೆ ಅದ್ರಲ್ಲಿ ನನ್ನ ಬಗ್ಗೆ ಇದ್ದದ್ದೆಷ್ಟು, ನೀವು ಸೇರಿಸಿದ್ದೆಷ್ಟು ಅಂತ ನಾನು ಕೇಳುದಿಲ್ಲ. ನಿಮಗೆ ನನ್ನ ಮೇಲೆ ಪ್ರೀತಿ ಉಂಟು, ಅದು ಗೊತ್ತು" ಎಂದರು.

ಇಂಗ್ಲಿಷು ಬಲ್ಲ ಬೇರೆ ಯಾರನ್ನಾದರೂ ಕರೆದು ಓದಿಸಬಹುದಿತ್ತು. ರಸ್ತೆಯಾಚೆ ಒಂದು ಮೆಡಿಕಲ್ ಶಾಪಿತ್ತು. ಸಾಕ್ಷಿ ಕರೆತಂದು ಅವರನ್ನು ಒಪ್ಪಿಸುವುದು ಅವರಿಗೆ ಇನ್ನೊಂದು ಅವಮಾನವೆಂದು ಅನ್ನಿಸಿತು. ಹೋಗಲಿಲ್ಲ. ಹೋಗಬೇಕಿತ್ತೇ ಎಂದು ಈಗಲೂ ಕೇಳಿಕೊಳ್ಳುತ್ತೇನೆ. ಪತ್ರವನ್ನೂ ಫೋಟೋವನ್ನೂ ಅವರ ಹತ್ತಿರವೇ ಬಿಟ್ಟು ಬಂದೆ.

ಮೇ ತಿಂಗಳ ಕೊನೆಗೆ, ಮಳೆ ಹಿಡಿಯುವ ಮೊದಲು, ಅವರು ತೀರಿಕೊಂಡರು. ಸುದ್ದಿ ನನಗೆ ತಲುಪುವಾಗ ಎಲ್ಲ ಮುಗಿದಿತ್ತು. ಹೋದಾಗ ಮಗಳು ಅದೇ ಬೆಂಚಿನಲ್ಲಿ ನನ್ನ ಪಕ್ಕ ಕೂತಳು. ಅಪ್ಪ ಕೊನೆಯಲ್ಲಿ ಹೆಚ್ಚು ನರಳಲಿಲ್ಲ ಎಂದಳು. ಅವರ ಮಾತು ಕಡಿಮೆಯಾಗಿತ್ತೆಂದಳು. ನಂತರ, ಏನೋ ನೆನಪಾದವಳಂತೆ, "ಟೀಚರ್, ಒಂದು ಸಲ ಅಪ್ಪ ಒಂದು ಮಾತು ಕೇಳಿದ್ರು" ಎಂದಳು.

"ಏನು?"

"ಅವತ್ತು ನೀವು ಬಂದು ಕಾಗದ ಓದಿದ್ರಲ್ಲ. ಟೀಚರು ಕಾಗದ ನೋಡ್ಕೊಂಡು ಓದಿದ್ರಾ, ನನ್ನ ಮುಖ ನೋಡ್ಕೊಂಡು ಓದಿದ್ರಾ ಅಂತ ಕೇಳಿದ್ರು. ನಾನು ಒಳಗಿದ್ದೆ, ನೋಡಿಲ್ಲ ಅಂದೆ. ಮತ್ತೂ ಎರಡು ದಿನ ಬಿಟ್ಟು ಅದನ್ನೇ ಕೇಳಿದ್ರು."

ಹಾಗಾದರೆ ಅವರು ಪೂರ್ತಿ ನಂಬದೆ ಬಿಟ್ಟಿರಲಿಲ್ಲ. ಅಲ್ಲಿ ಕೂತು, ನಾನು ಹೋದ ಮೇಲೂ, ಅದು ನಿಜವಿರಬಹುದೇ ಎಂದು ಹುಡುಕುತ್ತಿದ್ದರು.

"ಹೇಗೆ ಓದಿದ್ರಿ ಟೀಚರ್?" ಎಂದಳು ಮಗಳು. ಅವಳಿಗೆ ಅದರ ಹಿಂದುಮುಂದು ಗೊತ್ತಿರಲಿಲ್ಲ. ಅಪ್ಪ ಕೇಳಿದ್ದಕ್ಕೆ ಉತ್ತರ ಬೇಕಾಗಿತ್ತು ಅಷ್ಟೆ.

ಕಾಗದ ನೋಡಿಕೊಂಡೇ ಓದಿದೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಅದರಿಂದ ಈಗ ಯಾರಿಗೂ ನಷ್ಟವಿರಲಿಲ್ಲ. ಆದರೆ ನಾನು ಓದಿದ್ದು ಹಾಗಲ್ಲ. ಇಂಗ್ಲಿಷಿನ ಒಂದು ವಾಕ್ಯವನ್ನು ಮನಸ್ಸಿನಲ್ಲಿ ಓದಿಕೊಂಡು, ತಲೆಯೆತ್ತಿ, ಅದನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ಪ್ರತಿ ವಾಕ್ಯಕ್ಕೂ ತಲೆಯೆತ್ತುತ್ತಿದ್ದೆ. ಅವರಿಗೆ ಸಂತೋಷವಾಯಿತೇ ಎಂದು ನೋಡುತ್ತಿದ್ದೆ.

"ಅವರ ಮುಖ ನೋಡ್ಕೊಂಡು" ಎಂದೆ.

ಮಗಳು ತಲೆಯಾಡಿಸಿದಳು. ಎದ್ದು, ಕಾಫಿ ಮಾಡಲು ಒಳಗೆ ಹೋದಳು.